ಅರ್ಥ ಮತ್ತು ಬಳಕೆ: ಇಂಗ್ಲಿಷ್ ಪದಕಲಿಕೆಯಲ್ಲಿ ಉದಾಹರಣೆ ವಾಕ್ಯದ ಸ್ಥಾನ

ಗೋವೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ಅದರಲ್ಲೂ ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳಲ್ಲಿ, ದುಡಿಮೆಗೆ ದೊರೆಯುವ ಹಣವನ್ನು ‘ಪಗಾರ’ ಎನ್ನುವುದು ವಾಡಿಕೆ. ನೆರೆಯ ಕೊಂಕಣಿ, ಮರಾಠಿಗಳಲ್ಲಿಯೂ ಇದೇ ಪದ ಬಳಕೆಯಲ್ಲಿದೆ. ಪೋರ್ಚುಗೀಸಿನಲ್ಲಿ ‘ಪಗಾರ್’ ಎಂದರೆ ‘ಹಣ ಕೊಡು’ ಎಂಬ ಕ್ರಿಯಾಪದ. ನಮ್ಮ ಭಾಷೆಗಳಿಗೆ ಬಂದು ಅದು ನಾಮಪದವಾಯಿತು. ಏಷ್ಯಾದ ಸುಮಾರು ಐವತ್ತು ಭಾಷೆಗಳಲ್ಲಿ ಬೆರೆತ ಪೋರ್ಚುಗೀಸ್ ಪದಗಳನ್ನು ಗೋವೆಯ ವಿದ್ವಾಂಸ ಸೆಬಾಸ್ಟಿಯಾಂವ್ ರೊಡೋಲ್ಫೊ ದಲ್ಗಾದೊ 1913ರಷ್ಟು ಹಿಂದೆಯೇ ಒಂದು ಗ್ರಂಥದಲ್ಲಿ ಕಲೆಹಾಕಿದರು. ಪದದ ಮೂಲವನ್ನು ಅರಿಯಲು ಇಂತಹ ಗ್ರಂಥಗಳು ನೆರವಾಗುತ್ತವೆ. ಆದರೆ ಅದೇ ‘ಪಗಾರ’ವನ್ನು ಇಂಗ್ಲಿಷಿನಲ್ಲಿ ಹೇಳಬೇಕಾದಾಗ ಬೇರೊಂದು ಬಗೆಯ ತಿಳಿವಳಿಕೆ ಬೇಕಾಗುತ್ತದೆ.

ಇಂಗ್ಲಿಷಿನಲ್ಲಿ ಈ ಅರ್ಥದ ಸುತ್ತ ಸ್ಯಾಲರಿ, ವೇಜ್, ಪೇ ಎಂಬ ಪದಗಳಿವೆ. ಶಾಲೆಯ ಪದಪಟ್ಟಿಗಳು ಸಾಮಾನ್ಯವಾಗಿ ಇವುಗಳ ಎದುರು ‘ವೇತನ’ ಎಂದಷ್ಟೇ ಬರೆಯುತ್ತವೆ. ಕನ್ನಡದ ‘ವೇತನ’ವಾದರೋ ಎಲ್ಲೆಡೆಯೂ ಸಲ್ಲುವ ಪದ: ‘ಕನಿಷ್ಠ ವೇತನ’ದಲ್ಲಿ ಅದು ವೇಜ್, ‘ವೇತನ ಆಯೋಗ’ದಲ್ಲಿ ಪೇ, ನೌಕರನ ಮಾಸಿಕ ವೇತನದಲ್ಲಿ ಸ್ಯಾಲರಿ. 1948ರ ಕನಿಷ್ಠ ವೇತನ ಕಾಯಿದೆಯ ಇಂಗ್ಲಿಷ್ ಹೆಸರಿನಲ್ಲಿ ಇದ್ದುದು ‘ವೇಜಸ್’. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ಮಕ್ಕಳು ಮಾತ್ರವೇ ಆಗಿರುವಲ್ಲಿ, ತಂದೆತಾಯಿಯರ ಕೂಲಿಯ ಕಾಗದವನ್ನು ಓದಿ ಹೇಳುವ ಹೊಣೆಯೂ ಅವರದೇ. ಅಲ್ಲಿ ಈ ವ್ಯತ್ಯಾಸ ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ್ದಾಗಿ ಉಳಿಯುವುದಿಲ್ಲ.

ಕಲಿಯುವವರಿಗಾಗಿಯೇ ನಿಘಂಟು ರಚಿಸಬೇಕೆಂಬ ವಿಚಾರಕ್ಕೆ ಭಾರತದ ನಂಟಿದೆ. ಬಂಗಾಳದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್, ಅಲ್ಲಿನ ದ್ವಿಭಾಷಿಕತೆಯನ್ನು ಕುರಿತು 1926ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. 1935ರಲ್ಲಿ ಎಂಡಿಕಾಟ್ ಅವರೊಡನೆ ಹೊರತಂದ ನಿಘಂಟಿನಲ್ಲಿ ಕೇವಲ 1,490 ಪದಗಳನ್ನು ಬಳಸಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳನ್ನು ವಿವರಿಸಿದರು. ತಿಳಿಯದ ಪದವನ್ನು ತಿಳಿದ ಪದಗಳಿಂದಲೇ ವಿವರಿಸಬೇಕೆಂಬುದು ಅದರ ನಿಯಮ. ಜಪಾನಿನಲ್ಲಿ ಬೋಧಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರ 1942ರ ನಿಘಂಟು ಪದಗಳ ವಾಕ್ಯರಚನೆಗೂ ಮಹತ್ವ ನೀಡಿತು. ಕನ್ನಡಕ್ಕೂ ಈ ಮಾರ್ಗ ಹೊಸದಲ್ಲ: 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಅರ್ಥದ ಜೊತೆಗೆ ಗಾದೆಗಳನ್ನೂ ಕಾವ್ಯಪ್ರಯೋಗಗಳನ್ನೂ ನೀಡುತ್ತದೆ.

ಎರಡು ಭಾಷೆಗಳು ಲೋಕವನ್ನು ಒಂದೇ ಬಗೆಯಲ್ಲಿ ವಿಂಗಡಿಸುವುದಿಲ್ಲವಾದ್ದರಿಂದಲೇ ಉದಾಹರಣೆ ಅನಿವಾರ್ಯವಾಗುತ್ತದೆ. ಕನ್ನಡದಲ್ಲಿ ಸೀರೆ ಉಡುತ್ತಾರೆ, ಒಡವೆ ತೊಡುತ್ತಾರೆ, ಹೂ ಮುಡಿಯುತ್ತಾರೆ. ಇಂಗ್ಲಿಷಿನ ‘ವೇರ್’ ಈ ಮೂರಕ್ಕೂ ಸಾಕು. ಇದಕ್ಕೆ ವಿರುದ್ಧವಾಗಿ, ಬಾಗಿಲನ್ನೂ ಚಪ್ಪಲಿಯನ್ನೂ ಕನ್ನಡಿಗರು ‘ತೆಗೆ’ಯುತ್ತಾರೆ, ಇಂಗ್ಲಿಷಿನಲ್ಲಿ ಬಾಗಿಲಿಗೆ ‘ಓಪನ್’, ಚಪ್ಪಲಿಗೆ ‘ರಿಮೂವ್’ ಬೇಕು. ಪದಕ್ಕೆ ಪದವನ್ನು ಹೊಂದಿಸಿ ಕಲಿತವರು ಎಡವುವುದು ಇಲ್ಲಿಯೇ.

ಹಾಗಾದರೆ ಗೋವೆಯ ಕನ್ನಡ ವಿದ್ಯಾರ್ಥಿಗೆ ‘ವೇಜ್’ ಪದದ ನಮೂದು ಹೇಗಿರಬೇಕು? ಮೊದಲು ವಿವರಣೆ: ಗಂಟೆ, ದಿನ ಅಥವಾ ವಾರದ ಲೆಕ್ಕದಲ್ಲಿ, ಹೆಚ್ಚಾಗಿ ಮೈಮುರಿದು ಮಾಡುವ ಕೆಲಸಕ್ಕೆ ಕೊಡುವ ಹಣ. ಬಳಿಕ ಒಡನಾಡಿ ಪದಗಳು: ಮಿನಿಮಮ್ ವೇಜ್, ಡೈಲಿ ವೇಜಸ್. ಆಮೇಲೆ ಕಲಿಯುವವರಿಗೆ ಪರಿಚಿತವಾದ ಸನ್ನಿವೇಶದ ಎರಡು ವಾಕ್ಯಗಳು: ಕಟ್ಟಡದ ಕೆಲಸಗಾರನಿಗೆ ಶನಿವಾರ ಬಟವಾಡೆಯಾಗುವುದು ವೇಜಸ್; ಬ್ಯಾಂಕಿನ ಗುಮಾಸ್ತನ ಖಾತೆಗೆ ತಿಂಗಳಿಗೊಮ್ಮೆ ಜಮೆಯಾಗುವುದು ಸ್ಯಾಲರಿ. ಕೊನೆಗೆ ಒಂದು ಎಚ್ಚರಿಕೆ: ದಿನಗೂಲಿಯವರನ್ನು ಭಾರತದಲ್ಲಿ ‘ಡೈಲಿ ವೇಜರ್’ ಎನ್ನುವುದುಂಟು, ಬೇರೆಡೆಯ ಇಂಗ್ಲಿಷಿನಲ್ಲಿ ‘ವೇಜರ್’ ಎಂದರೆ ಪಣ, ಬಾಜಿ.

ಇಂತಹ ನಮೂದಿನ ವಿವರಣೆ ಕನ್ನಡದಲ್ಲಿಯೇ ಇದ್ದರೆ ಇಂಗ್ಲಿಷ್ ಕಲಿಕೆ ಹಿಂದೆ ಬೀಳುವುದಿಲ್ಲ; ಕಲಿಯುವವರು ತಮ್ಮ ಭಾಷೆಯ ಸೂಕ್ಷ್ಮಗಳನ್ನೂ ಆ ಮೂಲಕ ಗಮನಿಸತೊಡಗುತ್ತಾರೆ. ‘ಪಗಾರ’, ‘ಕೂಲಿ’, ‘ಸಂಬಳ’ಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬ ಅರಿವು ಆ ಮಕ್ಕಳಿಗೆ ಮನೆಯಲ್ಲಿಯೇ ದೊರೆತಿರುತ್ತದೆ. ಒಂದೇ ಪದದ ಸಮಾನಾರ್ಥಕ ಕೊಟ್ಟು ಮುಗಿಸುವ ಪಟ್ಟಿ ಆ ಅರಿವನ್ನು ವ್ಯರ್ಥಗೊಳಿಸುತ್ತದೆ. ಉದಾಹರಣೆ ವಾಕ್ಯ ಅದನ್ನೇ ಕಲಿಕೆಯ ಬಂಡವಾಳವಾಗಿಸುತ್ತದೆ.