ನಿಮಗಿದು ಗೊತ್ತೇ? ಬ್ಯಾಡಗಿ ಬಿಸಿಲಲ್ಲಿ ಓವರ್‌ಕ್ಲಾಕಿಂಗ್

ಇಂಟೆಲ್‌ನ ಕೋರ್ 2 ಕ್ವಾಡ್ ಕ್ಯೂ6600 ಪ್ರೊಸೆಸರ್ ಮಾರುಕಟ್ಟೆಗೆ ಬಂದದ್ದು 2007ರ ಜನವರಿಯಲ್ಲಿ. ಕೋರ್ ನಾಲ್ಕಾದರೂ ಒಳಗಿರುವುದು ಒಂದೇ ಚಿಪ್ ಅಲ್ಲ. ಎರಡೆರಡು ಕೋರಿನ ಎರಡು ಚಿಪ್‌ಗಳನ್ನು ಒಂದೇ ಮುಚ್ಚಳದಡಿ ಕೂರಿಸಿದ್ದಾರೆ.

ಅದರ 2.4 ಗಿಗಾಹರ್ಟ್ಸ್ ವೇಗ ಬಂದದ್ದು ಗುಣಾಕಾರದಿಂದ: ಮದರ್‌ಬೋರ್ಡಿನ 266 ಮೆಗಾಹರ್ಟ್ಸ್ × 9. ಬಯೋಸ್‌ಗೆ ಹೋಗಿ 266ನ್ನು 333 ಮಾಡಿದರೆ 3 ಗಿಗಾಹರ್ಟ್ಸ್. ನಿಗದಿತ ವೇಗವನ್ನು ಹೀಗೆ ಮೀರಿಸುವುದೇ ಓವರ್‌ಕ್ಲಾಕಿಂಗ್. ಹುಷಾರು, ಜೊತೆಗೆ ರ‍್ಯಾಮ್ ವೇಗವೂ ಏರುತ್ತದೆ. ಅದನ್ನು ಮೊದಲೇ ಇಳಿಸಿಕೊಳ್ಳದಿದ್ದರೆ ರ‍್ಯಾಮ್ ಮಾಡಿದ ತಪ್ಪಿಗೆ ಪ್ರೊಸೆಸರನ್ನು ಬೈಯುತ್ತ ಕೂರಬೇಕಾಗುತ್ತದೆ.

2011ರಲ್ಲಿ ಬಂದ ಐ5-2500ಕೆಯಲ್ಲಿ ಕೆಲಸ ಇನ್ನೂ ಸುಲಭ. 100 × 33 ಇದ್ದದ್ದನ್ನು 100 × 42 ಮಾಡಿದರೆ ಸಾಕು. ಹೆಸರಿನ ಕೊನೆಯ ‘ಕೆ’ ಅಕ್ಷರವೇ ಅದಕ್ಕೆ ಪರವಾನಗಿ.

ವೇಗ ಏರಿದಷ್ಟೇ ಬಿಸಿ ಏರುತ್ತದೆ ಅಂದುಕೊಂಡಿರಾ? ಅಲ್ಲ. ವೇಗದ ಜೊತೆಗೆ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಬಿಸಿ ಏರುತ್ತದೆ. ವೇಗ ಶೇ. 25, ವೋಲ್ಟೇಜ್ ಶೇ. 10 ಹೆಚ್ಚಿಸಿದರೆ ಬಿಸಿ ಸುಮಾರು ಒಂದೂವರೆ ಪಟ್ಟು!

ಡಿಸೆಂಬರಿನಲ್ಲಿ 20 ಡಿಗ್ರಿಯ ಕೋಣೆಯಲ್ಲಿ ಪಾಸಾದ ಸೆಟ್ಟಿಂಗನ್ನು ಏಪ್ರಿಲ್ ಮಧ್ಯಾಹ್ನ ನಂಬಬೇಡಿ. ಕೋಣೆ 37 ಡಿಗ್ರಿ ಆದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅದೇ 17 ಡಿಗ್ರಿ ಮೇಲೇರುತ್ತದೆ. ಬ್ಯಾಡಗಿಯಲ್ಲಿ ಇನ್ನೊಂದು ತಾಪತ್ರಯ, ಮೆಣಸಿನಕಾಯಿ ಧೂಳು. ಸುಗ್ಗಿಯಲ್ಲಿ ಮಾರುಕಟ್ಟೆ ಪಕ್ಕದ ಅಂಗಡಿಯ ಸಿಪಿಯು ಬಿಚ್ಚಿ ನೋಡಿ: ಫ್ಯಾನಿಗೂ ಅಲ್ಯೂಮಿನಿಯಂ ರೆಕ್ಕೆಗಳಿಗೂ ನಡುವೆ ಕೆಂಪು ಧೂಳು ಚಾಪೆಯಂತೆ ಹಾಸಿರುತ್ತದೆ. ಬ್ಲೋವರ್ ಹಿಡಿಯುವ ಮುನ್ನ ಫ್ಯಾನ್ ತಿರುಗದಂತೆ ಬೆರಳಿಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಘಾಟು ತಡೆಯಲಾಗದು.

ಓವರ್‌ಕ್ಲಾಕ್ ಮಾಡುವವರೆಲ್ಲ ಓಡಿಸುವ ‘ಪ್ರೈಮ್95’ ಹುಟ್ಟಿದ್ದು ಪ್ರೊಸೆಸರ್ ಪರೀಕ್ಷೆಗಲ್ಲ, ದೈತ್ಯ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲಿಕ್ಕೆ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರುಮಾಡಿದ ಹುಡುಕಾಟ ಅದು. ಪರೀಕ್ಷೆಗೆ ಹಚ್ಚಿದಾಗ ಪ್ರೈಮ್95, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ನಾಲ್ಕೂ ಕೋರ್‌ಗಳಿಗೆ ಕೊಟ್ಟು, ಬಂದ ಉತ್ತರವನ್ನು ತಾಳೆ ನೋಡುತ್ತದೆ. ಅದರ ‘ಸ್ಮಾಲ್ ಎಫ್‌ಎಫ್‌ಟಿ’ ಪರೀಕ್ಷೆ ಪ್ರೊಸೆಸರನ್ನು ಕಾಯಿಸುತ್ತದೆ, ‘ಬ್ಲೆಂಡ್’ ರ‍್ಯಾಮನ್ನೂ ಎಳೆದು ತರುತ್ತದೆ. ಒಂದು ಕೋರ್ ತಪ್ಪಿ ನಿಂತರೂ ಉಳಿದ ಮೂರು ಓಡುತ್ತಲೇ ಇರುತ್ತವೆ, ಹಾಗಾಗಿ ನಾಲ್ಕೂ ಕಿಟಕಿಗಳ ಮೇಲೆ ಕಣ್ಣಿರಲಿ. ಕಂಪ್ಯೂಟರ್ ಹ್ಯಾಂಗ್ ಆಗಲಿಲ್ಲ ಎಂದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದಲ್ಲ! ರೈತರ ಪಟ್ಟಿ ಬರೆಯುವ ದಲಾಲಿ ಅಂಗಡಿಯ ಯಂತ್ರವನ್ನು ಓವರ್‌ಕ್ಲಾಕ್ ಮಾಡಲೇಬೇಡಿ. ಗೇಮ್ ಆಡುವ ಯಂತ್ರದಲ್ಲಿ ಮಾಡಿ ನೋಡಿ.

ಓವರ್‌ಕ್ಲಾಕ್ ಮಾಡದ ಪ್ರೊಸೆಸರ್ ಕೂಡ ತಪ್ಪಿದ್ದುಂಟು. 1994ರಲ್ಲಿ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಪೆಂಟಿಯಂನ ಭಾಗಾಕಾರದ ದೋಷ ಹಿಡಿದರು. 4195835ನ್ನು 3145727ರಿಂದ ಭಾಗಿಸಿದರೆ 1.3338 ಬರಬೇಕಾದಲ್ಲಿ ಅದು 1.3337 ತೋರಿಸುತ್ತಿತ್ತು. ಇಂಟೆಲ್‌ಗೆ ತಗುಲಿದ ವೆಚ್ಚ 47.5 ಕೋಟಿ ಡಾಲರ್. 2016ರಲ್ಲಿ ಸ್ಕೈಲೇಕ್ ಪ್ರೊಸೆಸರ್‌ಗಳ ದೋಷ ಬಯಲಾದದ್ದು ಇದೇ ಪ್ರೈಮ್95 ಓಡಿಸುತ್ತಿದ್ದವರಿಂದ.



ಓವರ್‌ಕ್ಲಾಕ್ ಸೆಟ್ಟಿಂಗ್ ಅತಿಯಾಗಿ ಪರದೆ ಕಪ್ಪಾಗಿಯೇ ಉಳಿಯಿತೇ? ಪ್ಲಗ್ ಕಿತ್ತು, ಮದರ್‌ಬೋರ್ಡಿನ ಮೇಲಿನ ದುಂಡು ಸೆಲ್ ತೆಗೆದು ಕೆಲವು ನಿಮಿಷ ಬಿಟ್ಟು ಹಾಕಿ. ಸಾಮಾನ್ಯವಾಗಿ ಬಯೋಸ್ ಹಳೆಯ ಸ್ಥಿತಿಗೆ ಮರಳುತ್ತದೆ. ತಾರೀಖು ಮಾತ್ರ ಮತ್ತೆ ಹೊಂದಿಸಬೇಕು.