ಸೀವಾಳಿ ಒಲಿದರೆ ನಾಗಸ್ವರ

ಮದುವೆಮನೆಯಲ್ಲಿ ವಾಲಗದವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ನಾಗಸ್ವರದ ಕತ್ತಿನಿಂದ ದಾರವೊಂದು ಇಳಿಬಿದ್ದಿರುತ್ತದೆ. ಅದರಲ್ಲಿ ನಾಲ್ಕಾರು ಸೀವಾಳಿಗಳು, ಜೊತೆಗೊಂದು ಚೂಪು ಕಡ್ಡಿ. ಅದು ಅಲಂಕಾರಕ್ಕಲ್ಲ. ಗಟ್ಟಿಮೇಳದ ಹೊತ್ತಿಗೆ ತುಟಿಯಲ್ಲಿರುವ ಸೀವಾಳಿ ಕೈಕೊಟ್ಟರೆ ಮಾನ ಉಳಿಸುವುದು ಆ ದಾರವೇ.

ಹಲಸೂರಿಗೆ ಅಂಟಿಕೊಂಡಿರುವ ಜೋಗುಪಾಳ್ಯದಲ್ಲಿ ಹಿರಿಯ ವಾದಕರೊಬ್ಬರಿದ್ದಾರೆ. ಅವರು ಸೀವಾಳಿ ಆರಿಸುವುದನ್ನು ನೋಡಬೇಕೆಂದೇ ಹೋಗಿದ್ದೆ. ಕಾವೇರಿ ಬಯಲಿನ ನಾಣಲ್ ಎಂಬ ಜೊಂಡಿನಿಂದ ಮಾಡಿ, ಬುಡಕ್ಕೆ ದಾರ ಬಿಗಿದ ಪುಟ್ಟ ಜೋಡಿ ಎಲೆ ಅದು. ತಂಜಾವೂರು ಸೀಮೆಯಿಂದ ಬಂದ ಕಟ್ಟು ಬಿಚ್ಚಿ ಒಂದೊಂದನ್ನೇ ಬೆಳಕಿಗೆ ಹಿಡಿದರು. ಅಂಚು ಸಮ ಇದೆಯೇ, ಬಾಯಿ ಓರೆಯಾಗಿದೆಯೇ ಎಂದು ನೋಡಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಬಾಯಲ್ಲಿಟ್ಟು ನೆನೆಸಿ, ವಾದ್ಯವಿಲ್ಲದೆ ಬರೀ ಸೀವಾಳಿಯನ್ನೇ ಊದಿದರು. ಕೀರಲು ದನಿಯವೆಲ್ಲ ಪಕ್ಕಕ್ಕೆ ಹೋದವು. ಉಳಿದವನ್ನು ಕೆಂಡೆ ಎಂಬ ಲೋಹದ ಕೊಳವೆಗೆ ಸಿಕ್ಕಿಸಿ ಷಡ್ಜ ಹಿಡಿದರು. ಮುಚ್ಚಿಕೊಂಡ ಬಾಯಿಗೆ ಕಡ್ಡಿ ತೂರಿಸಿ ಬಿಡಿಸಿದರು; ತೀರಾ ತೆರೆದದ್ದನ್ನು ಬೆರಳಲ್ಲಿ ಅಮುಕಿ ಮತ್ತೆ ಊದಿದರು. ಗಟ್ಟಿ ಸೀವಾಳಿ ತಾರಸ್ಥಾಯಿಯಲ್ಲಿ ನಿಲ್ಲುತ್ತದೆ, ಆದರೆ ತುಟಿ ದಣಿಸುತ್ತದೆ. ಮೆದುವಾದದ್ದು ಆಲಾಪನೆಗೆ ಸುಖ, ಮೇಲೇರಿದರೆ ಸೊರಗುತ್ತದೆ ಎಂಬುದು ಅವರ ಲೆಕ್ಕ. ಬೆಳಗ್ಗೆ ಪಾಸಾದದ್ದು ಸಂಜೆಯ ತಂಪಿಗೆ ಮುನಿಸಿಕೊಳ್ಳುವುದೂ ಉಂಟಂತೆ.

ಇಷ್ಟು ಪಾಡು ಏಕೆಂದರೆ, ನಾಗಸ್ವರದಲ್ಲಿ ಬೆರಳಿಗಿರುವುದು ಏಳೇ ರಂಧ್ರ. ಅರೆಸ್ವರ, ಗಮಕಗಳನ್ನು ಬಹುಪಾಲು ತುಟಿ ಮತ್ತು ಉಸಿರಿನ ಒತ್ತಡದಿಂದಲೇ ತೆಗೆಯಬೇಕು. ಪಾಶ್ಚಾತ್ಯ ವಾದ್ಯವೃಂದದ ಹಾರ್ನ್‌ನಲ್ಲಿ ಅದುರುವುದು ಊದುವವನ ತುಟಿ. ಆಲಿಕೆಯಾಕಾರದ ಲೋಹದ ಮೌತ್‌ಪೀಸ್ ಒಮ್ಮೆ ಹೊಂದಿದರೆ ವರ್ಷಗಟ್ಟಲೆ ನಡೆಯುತ್ತದೆ. ಇಲ್ಲಿ ಅದುರುವುದೇ ಸೀವಾಳಿ. ಅದು ಸವೆಯುತ್ತದೆ, ಸೀಳುತ್ತದೆ. ಹಾಗಾಗಿ ಈ ಆಯ್ಕೆಗೆ ಕೊನೆಯೆಂಬುದಿಲ್ಲ.

ಇನ್ನು ವಾದ್ಯದ ವಿಷಯಕ್ಕೆ ಬಂದರೆ, ಮೊದಲು ಚಿಕ್ಕದಾದ, ಏರುಶ್ರುತಿಯ ತಿಮಿರಿ ನಾಗಸ್ವರ ಇತ್ತು. ಉದ್ದನೆಯ ಬಾರಿ ನಾಗಸ್ವರವನ್ನು ಮನೆಮಾತಾಗಿಸಿದವರು ಟಿ.ಎನ್. ರಾಜರತ್ನಂ ಪಿಳ್ಳೈ (1898–1956). ಆಚ್ಚಾ ಮರದಲ್ಲಿ ಅದನ್ನು ಕಡೆಯುವ ನರಸಿಂಗಂಪೇಟೆಯ ವಾದ್ಯಕ್ಕೆ 2022ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಸಿಗಲೇಬೇಕಾದ ಮನ್ನಣೆ. ಸೀವಾಳಿ ಕಟ್ಟುವ ಕೈಗಳಿಗೂ ಅಂಥದ್ದೊಂದು ಬೇಡವೇ? ತಾಳಿ ಕಟ್ಟುವ ಗಳಿಗೆಗೂ ಧ್ವನಿಮುದ್ರಿಕೆ ಹಾಕುವ ಕಲ್ಯಾಣಮಂಟಪಗಳು ಹೆಚ್ಚಿದಂತೆ ಸೀವಾಳಿ ಕೊಳ್ಳುವವರೂ ಕಡಿಮೆಯಾಗುತ್ತಾರೆ, ಕಟ್ಟುವವರೂ.

ಕುಂಭಕೋಣದ ಕಡೆ ಹೊರಟವರು ಯಾರೇ ಸಿಕ್ಕರೂ ಈ ಹಿರಿಯರು ಒಂದು ಕಟ್ಟು ತರಲು ಹಣ ಕೊಟ್ಟು ಕಳಿಸುತ್ತಾರೆ. ನೋಡದೆ ತರಿಸಿದ ಕಟ್ಟಿನಲ್ಲಿ ಅವರ ತುಟಿಗೆ ಒಗ್ಗುವುದು ಒಂದೋ ಎರಡೋ. ಉಳಿದವನ್ನು ಕಲಿಯಲು ಬರುವ ಹುಡುಗರಿಗೆಂದು ಡಬ್ಬಿಯಲ್ಲಿ ಹಾಕಿಡುತ್ತಾರೆ. ಸದ್ಯಕ್ಕೆ ಬರುತ್ತಿರುವವನು ಒಬ್ಬನೇ, ಅದೂ ಪರೀಕ್ಷೆ ಮುಗಿದ ಮೇಲೆ.