ಕನ್ನಡಿ ಬರಹದ ಕವಿ

ವಿಲಿಯಂ ಬ್ಲೇಕ್‌ನ ಹುಲಿಯ ಪದ್ಯವನ್ನು ಕಾಲೇಜು ಪಠ್ಯದಲ್ಲಿ ಓದಿದವರು ಅವನದೇ ಕೈಯ ಪುಟವನ್ನು ಕಂಡರೆ ತಬ್ಬಿಬ್ಬಾಗುವುದು ಖಂಡಿತ. ಪದ್ಯದ ಹುಲಿ ಎದೆ ನಡುಗಿಸುತ್ತದೆ. ಅದರ ಕೆಳಗೆ ನಿಂತ ಚಿತ್ರದ ಹುಲಿಯೋ, ಕೆಲವು ಪ್ರತಿಗಳಲ್ಲಿ ಮಕ್ಕಳ ಆಟಿಕೆಯಷ್ಟು ಸಾಧು. ಇದು ಬ್ಲೇಕ್‌ಗೆ ಚಿತ್ರ ಬರೆಯಲು ಬಾರದ್ದರಿಂದ ಆದದ್ದಲ್ಲ, ಬೇಕೆಂದೇ ಮಾಡಿದ ತುಂಟತನ ಎಂದು ನನ್ನ ಗುಮಾನಿ.

ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಅಚ್ಚುಮೊಳೆ ಜೋಡಿಸುವವನು ಒಬ್ಬ, ಚಿತ್ರ ಕೆತ್ತುವವನು ಇನ್ನೊಬ್ಬ. ಬ್ಲೇಕ್ ಎರಡನ್ನೂ ಒಂದೇ ತಾಮ್ರದ ತಗಡಿನ ಮೇಲೆ ತಂದ. ಆಮ್ಲ ತಾಗದಂಥ ಅಂಟುದ್ರವದಲ್ಲಿ ಕುಂಚ ಅದ್ದಿ ಅಕ್ಷರ, ಬಳ್ಳಿ, ಮನುಷ್ಯರನ್ನು ಬರೆಯುತ್ತಿದ್ದ. ತಗಡಿಗೆ ಆಮ್ಲ ಹೊಯ್ದರೆ ಬರೆದದ್ದು ಉಬ್ಬಾಗಿ ಉಳಿದು, ಸುತ್ತಲಿನ ಲೋಹವನ್ನು ಆಮ್ಲ ತಿನ್ನುತ್ತದೆ. ಶಾಯಿ ಹಚ್ಚಿ ಕಾಗದ ಒತ್ತಿದಾಗ ಅಕ್ಷರ ನೇರ ಮೂಡಬೇಕಲ್ಲ? ಅದಕ್ಕಾಗಿ ಪದ್ಯವನ್ನೆಲ್ಲ ಬಲದಿಂದ ಎಡಕ್ಕೆ, ತಿರುವುಮುರುವಾಗಿ ಬರೆಯಬೇಕು. 1787ರಲ್ಲಿ ತೀರಿಕೊಂಡ ತಮ್ಮ ರಾಬರ್ಟ್ ಕಾಣಿಸಿಕೊಂಡು ಈ ವಿದ್ಯೆ ಹೇಳಿಕೊಟ್ಟ ಎನ್ನುತ್ತಿದ್ದ ಬ್ಲೇಕ್. ಇರಬಹುದು, ಆದರೆ ಜೇಮ್ಸ್ ಬಸಿಯರ್ ಎಂಬ ಕೆತ್ತನೆಗಾರನ ಬಳಿ ಏಳು ವರ್ಷ ಪಳಗಿದ ಕೈಯೂ ಅವನಿಗಿತ್ತು.

ಆಮೇಲೆ ಜಲವರ್ಣ, ಒಂದೊಂದು ಹಾಳೆಗೂ ಕೈಯಿಂದಲೇ. ಇದರಲ್ಲಿ ಹೆಂಡತಿ ಕ್ಯಾಥರೀನ್‌ಳ ಪಾಲೂ ಇದೆ. 1782ರಲ್ಲಿ ಮದುವೆಯ ದಾಖಲೆಗೆ ಸಹಿಯ ಬದಲು ಗೀಟು ಹಾಕಿದ್ದ ಆಕೆ ಗಂಡನಿಂದ ಓದು ಬರಹ ಕಲಿತಳು, ಮುದ್ರಣಕ್ಕೆ ನಿಂತಳು, ಬಣ್ಣ ತುಂಬಿದಳು. ಹಾಗಾಗಿ ಒಂದು ಪ್ರತಿಯಂತೆ ಇನ್ನೊಂದಿಲ್ಲ: ಬಣ್ಣ ಬೇರೆ, ಎಷ್ಟೋ ಸಲ ಪದ್ಯಗಳ ಅನುಕ್ರಮವೂ ಬೇರೆ. 1789ರ ‘ಸಾಂಗ್ಸ್ ಆಫ್ ಇನೊಸೆನ್ಸ್’ ಪುಟಗಳು ಅಂಗೈಯಗಲದವು. ಪಠ್ಯಪುಸ್ತಕ ನಮಗೆ ಕೊಡುವುದು ಆ ಪುಟದ ಅರ್ಧವನ್ನು ಮಾತ್ರ.

1793ರಲ್ಲಿ ಬ್ಲೇಕ್ ‘ಸಾಂಗ್ಸ್ ಆಫ್ ಇನೊಸೆನ್ಸ್’ಗೆ ಐದು ಶಿಲಿಂಗ್ ಬೆಲೆ ಕಟ್ಟಿ ಪ್ರಕಟಣೆ ಹೊರಡಿಸಿದ್ದ. ಕೊಂಡವರು ಕೆಲವೇ ಮಂದಿ. ಹೊಟ್ಟೆಪಾಡಿಗೆ ಬೇರೆಯವರ ಪುಸ್ತಕಗಳಿಗೆ ಚಿತ್ರ ಕೆತ್ತುವ ಕೂಲಿ ಇದ್ದೇ ಇತ್ತು. ಕೊನೆಯ ದೊಡ್ಡ ಕೃತಿ ‘ಜೆರುಸಲೇಂ’ಗೆ ನೂರು ತಗಡು. ಒಂದು ಪ್ರತಿಗೆ ಪೂರ್ತಿ ಬಣ್ಣ ತುಂಬಿ, 1827ರ ಏಪ್ರಿಲ್‌ನಲ್ಲಿ ಗೆಳೆಯನಿಗೆ ಪತ್ರ ಬರೆದ: ಇದಕ್ಕೆ ಗಿರಾಕಿ ಸಿಗುವ ಹಾಗೆ ಕಾಣುವುದಿಲ್ಲ. ಆಗಸ್ಟ್‌ನಲ್ಲಿ ಸತ್ತ. ಆ ಪ್ರತಿ ಮಾರಾಟವಾಗದೆ ಕ್ಯಾಥರೀನ್‌ಳ ಬಳಿಯೇ ಉಳಿಯಿತು. ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾ ಸಂಗ್ರಹದಲ್ಲಿದೆ.